ಹಾಳೆ ತಿರುಗಿಸುವ ಹುಡುಗಿಗೆ ಜಾಗ ಬಿಟ್ಟುಕೊಡಿ

"ಸಭೆಯ ಸೇವೆ ಕಡಿಮೆ ಮಾಡಿದರೆ ದೇವರು ಕೊಟ್ಟ ತಲಾಂತನ್ನು ಮಣ್ಣಲ್ಲಿ ಹೂತಿಟ್ಟ ಹಾಗೆ ಆಗುತ್ತಾ?"

ಈ ಪ್ರಶ್ನೆ ಕೇಳಿದ ಸಹೋದರಿಗೆ 41 ವರ್ಷ. ವಾರವಿಡೀ ಕೆಲಸಕ್ಕೆ ಹೋಗುತ್ತಾರೆ. 16 ವರ್ಷದಿಂದ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದಾರೆ. ಸಂಡೇ ಸ್ಕೂಲ್ ಅವರದೇ, ಸ್ತ್ರೀಯರ ಕೂಟ ಅವರದೇ, ಸಭೆಯ ಲೆಕ್ಕಪತ್ರವೂ ಅವರ ತಲೆಗೇ ಬಿದ್ದಿದೆ. ಮನೆಯಲ್ಲಿ ಮಂಡಿನೋವಿನ ತಾಯಿ, ಪರೀಕ್ಷೆಗೆ ಓದುತ್ತಿರುವ ಮಗ. ಹೊಸ ಸೌಂಡ್ ಸಿಸ್ಟಂಗೆ ಅಂತ ಸಾಲ ಮಾಡಿ ಕಾಣಿಕೆ ಕೊಟ್ಟಿದ್ದಾರೆ. ಗಂಡನಿಗೆ ಹೇಳಿಲ್ಲ. ಸ್ವಲ್ಪ ಬಿಡುವು ಬೇಕು ಅಂದಾಗಲೆಲ್ಲ ಸಭೆಯ ಕಾರ್ಯದರ್ಶಿ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಬೈಬಲ್‌ನ ಮತ್ತಾಯ 25ನೇ ಅಧ್ಯಾಯದ ತಲಾಂತಿನ ಕಥೆಯನ್ನು ನೆನಪಿಸುತ್ತಾರಂತೆ.

ಸಹೋದರಿ, ನನಗೆ ಸಿಟ್ಟು ಬಂದಿದ್ದು ಆ ಕಾರ್ಯದರ್ಶಿಯ ಮೇಲೆ. ಅದೇ ಅಧ್ಯಾಯದಲ್ಲಿ ಯಜಮಾನ ತನ್ನ ಆಳುಗಳಿಗೆ ಹಣ ಒಪ್ಪಿಸಿದ್ದು ಅವರವರ ಸಾಮರ್ಥ್ಯಕ್ಕೆ ತಕ್ಕಂತೆ. ಒಬ್ಬನಿಗೆ ಐದು ತಲಾಂತು (ಆ ಕಾಲದ ದೊಡ್ಡ ಮೊತ್ತದ ಹಣ), ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಎರಡು ಪಡೆದವನು ಇನ್ನೆರಡು ಗಳಿಸಿ ತಂದ. ನೀನ್ಯಾಕೆ ಐದು ತರಲಿಲ್ಲ ಅಂತ ಯಜಮಾನ ಕೇಳಲಿಲ್ಲ. ಐದರವನಿಗೆ ಸಿಕ್ಕ ಮೆಚ್ಚುಗೆಯೇ ಅವನಿಗೂ ಸಿಕ್ಕಿತು. ಆ ಒಂದನ್ನು ಮಣ್ಣಲ್ಲಿ ಹೂತಿಟ್ಟವನ ಬಾಯಲ್ಲಿ ಬಂದ ಮಾತು ನೋಡಿ: ನೀನು ಕಠಿಣ ಮನುಷ್ಯ, ನನಗೆ ಹೆದರಿಕೆಯಾಯಿತು. ಅಂದರೆ ಅವನನ್ನು ಕೆಡಿಸಿದ್ದು ಹೆದರಿಕೆ. ರಾತ್ರಿ ಫೋನ್ ಮಾಡಿ ನಿಮ್ಮಲ್ಲಿ ಬಿತ್ತುತ್ತಿರುವುದೂ ಅದೇ ಹೆದರಿಕೆ. ಹೆದರಿಸಿ ಮಾಡಿಸಿಕೊಳ್ಳುವುದನ್ನು ಸೇವೆ ಅಂತ ಕರೆಯಲು ನಾನು ಒಪ್ಪುವುದಿಲ್ಲ.

ಸೇವೆಯ ಬಗ್ಗೆ ಯಾರು ಬರೆದರೂ ನಾನು ವಿಮೋಚನಕಾಂಡದ 18ನೇ ಅಧ್ಯಾಯ ಓದಿ ಅಂತ ಹೇಳುತ್ತೇನೆ. ಇವತ್ತೂ ಹೇಳುತ್ತೇನೆ. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗ್ಗೆಯಿಂದ ಸಂಜೆವರೆಗೂ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದ. ನೋಡಲು ಬಂದ ಮಾವ ಇತ್ರೋ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ ಅಂತ ನೇರವಾಗಿ ಹೇಳಿದ. ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ ಅಂದ. ಜನ ಯಾಕೆ ಬಳಲಬೇಕು? ಎಲ್ಲವೂ ಒಬ್ಬರ ಕೈಯಲ್ಲೇ ನಿಂತರೆ ಉಳಿದವರು ಕಾಯುತ್ತಾ ನಿಲ್ಲಬೇಕಾಗುತ್ತೆ, ಅಲ್ವಾ?

ನಿಮ್ಮ ಪತ್ರದಲ್ಲೂ ಹಾಗೆ ಕಾಯುತ್ತಿರುವ ಒಬ್ಬಳಿದ್ದಾಳೆ. ಮೂರನೇ ಪುಟದ ಕೊನೆಯಲ್ಲಿ, ಆವರಣದೊಳಗೆ, ಸುಮ್ನೆ ಒಂದು ಸಾಲು ಬರೆದಿದ್ದೀರಿ: "ನಾನು ನುಡಿಸುವಾಗ ಹಾಳೆ ತಿರುಗಿಸುವ ಹುಡುಗಿಯೂ ಕಲಿತಿದ್ದಾಳೆ, ಆದರೆ ಇನ್ನೂ ತಡವರಿಸುತ್ತಾಳೆ." ಎಷ್ಟು ವರ್ಷದಿಂದ ಹಾಳೆ ತಿರುಗಿಸುತ್ತಿದ್ದಾಳೆ ಅಂತಾನೂ ಬರೆದಿದ್ದೀರಿ. ನಾಲ್ಕು ವರ್ಷ!

ನಿಮ್ಮ ದಣಿವು ನಿಜ. ಅದಕ್ಕೆ ನನ್ನ ಮನಸ್ಸು ನೊಂದಿದೆ. ಆದರೂ ಈ ಮಾತು ಹೇಳಲೇಬೇಕು. ನಿಮ್ಮ ಸಭೆಯಲ್ಲಿ ಮಣ್ಣೊಳಗಿರುವ ತಲಾಂತು ಆ ಹುಡುಗಿಯದು, ಅದರ ಮೇಲೆ ಕೂತಿರುವವರು ನೀವು. ಒಂದೇ ತಲಾಂತು ಅಂದರೂ ಅದು ಚಿಲ್ಲರೆ ದುಡ್ಡಲ್ಲ. 6,000 ದಿನಾರಿಗೆ ಒಂದು ತಲಾಂತು. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ. ಹೆಚ್ಚುಕಡಿಮೆ 20 ವರ್ಷದ ದುಡಿಮೆ ಅದು. ಅವಳು ತಡವರಿಸುವುದು ನುಡಿಸಲು ಅವಕಾಶ ಸಿಗದೆ. ಮೊದಮೊದಲು ನೀವೂ ತಡವರಿಸಿರುತ್ತೀರಿ. ಸಭೆ ಸಹಿಸಿಕೊಂಡಿತು.

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ಮೊದಲ ಸಭೆಯಲ್ಲಿ ಊಟ ಹಂಚುವ ಕೆಲಸ ಹೆಚ್ಚಾದಾಗ, ಏಳು ಮಂದಿಯನ್ನು ಆರಿಸಿ ಅಂತ ಅಪೊಸ್ತಲರು ಸಭೆಗೆ ಹೇಳಿ, ಆ ಕೆಲಸ ಅವರಿಗೆ ಒಪ್ಪಿಸಿದರು. ಅದರಿಂದ ಸಭೆ ಕುಗ್ಗಲಿಲ್ಲ. ಶಿಷ್ಯರ ಸಂಖ್ಯೆ ಬೆಳೆಯಿತು ಅಂತ ಅದೇ ಅಧ್ಯಾಯದಲ್ಲಿದೆ. ದೇವರು ಕೊಟ್ಟ ವರವನ್ನು ಇನ್ನೊಬ್ಬರ ಕೈಗೆ ದಾಟಿಸುವುದೂ ಅದನ್ನು ಚೆನ್ನಾಗಿ ಬಳಸುವ ರೀತಿಯೇ. ನನ್ನ ಪ್ರಕಾರ ಅದೇ ಜಾಸ್ತಿ ಕಷ್ಟದ್ದು.

ಸಾಲದ ವಿಷಯಕ್ಕೆ ಉದ್ದದ ಮಾತು ಬೇಡ. ಇಲ್ಲದ್ದನ್ನು ಕೊಡಿ ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರನ್ನು ಕೇಳಲಿಲ್ಲ. ಇರುವುದರಲ್ಲಿ ಕೊಟ್ಟರೆ ಸಾಕು ಅಂದ. ಇವತ್ತೇ ಗಂಡನಿಗೆ ಹೇಳಿಬಿಡಿ.

ಉಳಿದದ್ದೆಲ್ಲ ಆಮೇಲೆ. ಸಂಡೇ ಸ್ಕೂಲ್ ಬಿಡಬೇಕಾ, ಲೆಕ್ಕ ಯಾರಿಗೆ ಕೊಡಬೇಕು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಒಂದು ಕೆಲಸ ಮಾಡಿ. ಶನಿವಾರದ ಅಭ್ಯಾಸಕ್ಕೆ ಹೋಗಿ ಆ ಹುಡುಗಿಯನ್ನು ಕೀಬೋರ್ಡ್ ಮುಂದೆ ಕೂರಿಸಿ. ಭಾನುವಾರ ನೀನೇ ನುಡಿಸು ಅಂತ ಹೇಳಿ. ಭಾನುವಾರ ನೀವು ತಾಯಿಯ ಪಕ್ಕ ಬೆಂಚಿನ ಮೇಲೆ ಕೂತು ಹಾಡಿ. ಅವಳು ಎರಡು ಕಡೆ ತಪ್ಪಿದರೂ ಎದ್ದು ಹೋಗಬೇಡಿ. ಅವತ್ತು ರಾತ್ರಿ ಕಾರ್ಯದರ್ಶಿಯ ಫೋನ್ ಬಂದರೆ ಎತ್ತಬೇಡಿ.