ಹೊಸ ಹಿಮದ ಮೇಲೆ ಮಳೆ ಬೀಳುವಾಗ ಬೆಟ್ಟಕ್ಕೆ ಹೋಗಬಹುದಾ?

ನಿಮ್ಮ ತಮ್ಮ ಸಿಯಾಟಲ್‌ನಲ್ಲಿದ್ದಾನೆ. ಶನಿವಾರ ಗೆಳೆಯರ ಜೊತೆ ಕ್ಯಾಸ್ಕೇಡ್ ಬೆಟ್ಟಗಳಿಗೆ ಹೊರಟಿದ್ದಾನೆ. ಅಲ್ಲಿ ವಾರವಿಡೀ ಹಿಮ ಬಿದ್ದಿದೆ, ಈಗ ಬೆಚ್ಚನೆ ಗಾಳಿ, ಜೋರು ಮಳೆ ಬರುತ್ತದಂತೆ. "ಮಳೆಗೆ ಹಿಮ ಕರಗಿಹೋಗುತ್ತೆ, ಅಪಾಯ ಇಲ್ಲ" ಅಂತ ಅವನು ಹೇಳುತ್ತಾನೆ, ನಿಮಗೆ ಇಲ್ಲಿ ಸಮಾಧಾನ ಇಲ್ಲ. ನಿಮ್ಮ ಭಯವೇ ಸರಿ, ಇಂಥ ಹವೆಯಲ್ಲೇ ಹಿಮಕುಸಿತದ (ಬೆಟ್ಟದ ಹಿಮ ಕಿತ್ತು ಜಾರಿ ಬರುವುದರ) ಅಪಾಯ ಜಾಸ್ತಿ. ದಯವಿಟ್ಟು ಅವನನ್ನು ತಡೆಯಿರಿ.

ನಾನೂ ಕಲಬುರಗಿಯವನೇ. ಕೆಲಸದ ಮೇಲೆ ಕೆಲವು ವರ್ಷ ಸಿಯಾಟಲ್‌ನಲ್ಲಿದ್ದೆ, ಹಿಮಕುಸಿತದ ತರಬೇತಿಯನ್ನೂ ತಗೊಂಡಿದ್ದೆ.

ಮಳೆ ಬಿದ್ದ ಕೂಡಲೇ ಹಿಮ ಕರಗಿ ಖಾಲಿಯಾಗುವುದಿಲ್ಲ. ನೀರು ಮೊದಲು ಅದರೊಳಗೆ ಇಳಿಯುತ್ತದೆ. ನಮ್ಮ ಆಳಂದ, ಅಫಜಲಪುರ ಕಡೆ ಜಡಿಮಳೆ ಹಿಡಿದಾಗ ಹಳೇ ಮಣ್ಣಿನ ಮಾಳಿಗೆ ಯಾಕೆ ಕುಸಿಯುತ್ತದೆ ಹೇಳಿ? ಮಣ್ಣು ನೀರು ಕುಡಿದು ಭಾರವಾಗುತ್ತದೆ, ಅದೇ ನೀರಿಗೆ ಗೋಡೆಯ ಹಿಡಿತವೂ ಸಡಿಲವಾಗುತ್ತದೆ. ಹಿಮದಲ್ಲೂ ಅದೇ ಆಗುವುದು. ಮೇಲೆ ತೂಕ ಏರುತ್ತದೆ, ಒಳಗೆ ಹರಳುಗಳ ನಡುವಿನ ಬೆಸುಗೆ ಬಿಡುತ್ತದೆ. ಒಣ ಹೊಸ ಹಿಮದ ಮೇಲೆ ಮಳೆ ಶುರುವಾದ ಮೊದಲ ಕೆಲವು ಗಂಟೆ ಬಹಳ ಕೆಟ್ಟದ್ದು. ಕೆಲವು ಸಲ ನಿಮಿಷಗಳಲ್ಲೇ ಇಳಿಜಾರು ಜಾರಿಬಿಡುತ್ತದೆ. ಯಾರೂ ಕಾಲಿಡುವುದೇ ಬೇಡ, ತಾನೇ ಹರಿದು ಬರುತ್ತದೆ.

ಪೆಸಿಫಿಕ್ ಸಮುದ್ರ ಹತ್ತಿರ ಇರುವುದರಿಂದ ಆ ಬೆಟ್ಟಗಳಲ್ಲಿ ಇದು ಜಾಸ್ತಿ. ಹವಾಯಿ ಕಡೆಯಿಂದ ಬೆಚ್ಚನೆ ತೇವದ ಗಾಳಿ ನುಗ್ಗಿದರೆ, ಬೆಳಿಗ್ಗೆ ಹಿಮ ಬೀಳುತ್ತಿದ್ದ ಎತ್ತರದಲ್ಲಿ ಸಂಜೆ ಮಳೆ ಸುರಿಯುತ್ತಿರುತ್ತದೆ. 1910ರಲ್ಲಿ ಅದೇ ಬೆಟ್ಟಗಳ ವೆಲ್ಲಿಂಗ್ಟನ್ ಅನ್ನುವ ರೈಲು ನಿಲ್ದಾಣದಲ್ಲಿ ಇದೇ ಆಯಿತು. ದಿನಗಟ್ಟಲೆ ಹಿಮ ಬಿದ್ದು ಎರಡು ರೈಲು ಅಲ್ಲೇ ಸಿಕ್ಕಿಬಿದ್ದಿದ್ದವು. ಆಮೇಲೆ ಹವೆ ಬೆಚ್ಚಗಾಗಿ ಗುಡುಗು, ಮಿಂಚು, ಮಳೆ. ಮಾರ್ಚ್ 1ರ ನಸುಕಿನಲ್ಲಿ ಮೇಲಿನ ಬೆಟ್ಟದ ಹಿಮ ಕಿತ್ತು ಬಂದು ಎರಡೂ ರೈಲನ್ನು ಕಣಿವೆಗೆ ತಳ್ಳಿತು. 96 ಜನ ಸತ್ತರು. ಅಮೆರಿಕದ ಚರಿತ್ರೆಯಲ್ಲೇ ಇಷ್ಟು ಜನರನ್ನು ಬಲಿ ತಗೊಂಡ ಹಿಮಕುಸಿತ ಬೇರೆ ಇಲ್ಲ.

ಇಂಥ ಹವೆಯಲ್ಲಿ ಬೆಟ್ಟದ ಬುಡದಲ್ಲಿ ನಿಂತು ಒಂದು ಹಿಡಿ ಹಿಮ ಹಿಂಡಿ ನೋಡಿದ್ದೇನೆ, ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿನ ಇಳಿಜಾರಿನಲ್ಲಿ ಸಣ್ಣ ಸಣ್ಣ ಹಿಮದ ಉಂಡೆಗಳು ತಾವಾಗೇ ಉರುಳಿ, ಹಿಂದೆ ಗೆರೆ ಬಿಟ್ಟು ಬರುತ್ತಿದ್ದವು. ಅದನ್ನು ಕಂಡರೆ ಅಲ್ಲಿಂದಲೇ ವಾಪಸ್ ಹೊರಡಬೇಕು.

"ನಾವು ಮೇಲೆ ಹತ್ತಲ್ಲ, ಕೆಳಗಿನ ದಾರಿಯಲ್ಲೇ ನಡೀತೀವಿ" ಅಂತ ಅವನು ಹೇಳಬಹುದು. ಸುಮ್ನೆ ಒಪ್ಪಬೇಡಿ. ಹಿಮ ಕಿತ್ತುಕೊಳ್ಳುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಆದರೆ ಬಂದು ಬೀಳುವುದು ಕೆಳಗಿನ ಸಮತಟ್ಟಿನ ಮೇಲೆ. ಹೂತುಹೋದವರನ್ನು ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬದುಕುವ ಆಸೆ ಚೆನ್ನಾಗಿರುತ್ತದೆ, ಆಮೇಲೆ ಸರ್ರನೆ ಇಳಿಯುತ್ತದೆ. ಒದ್ದೆ ಹಿಮವಂತೂ ನಿಂತ ಮೇಲೆ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ, ಕೈಯಿಂದ ಅಗೆಯಲು ಆಗುವುದಿಲ್ಲ.

ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಅನ್ನುವ ಸಂಸ್ಥೆ ಚಳಿಗಾಲದಲ್ಲಿ ಆ ಬೆಟ್ಟಗಳಿಗೆ ಮರುದಿನದ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ. 3 ಅಂದರೆ ನಡುವಿನದು, ಪರವಾಗಿಲ್ಲ ಅಂದುಕೊಳ್ಳಬೇಡಿ, ಆ ಮಟ್ಟದಲ್ಲೇ ಬಹಳ ಜನ ಸಾಯುತ್ತಾರೆ. ಅಲ್ಲಿ ಸಂಜೆಯಾದಾಗ ನಮ್ಮಲ್ಲಿ ಬೆಳಗಿನ ಚಹಾದ ಹೊತ್ತು, ನೀವೇ ತೆರೆದು ಓದಿ ಅವನಿಗೆ ಫೋನ್ ಮಾಡಬಹುದು. ಮಳೆ ನಿಂತು, ಚೆನ್ನಾಗಿ ಚಳಿ ಬಿದ್ದು, ಒದ್ದೆ ಹಿಮ ಮತ್ತೆ ಗಡ್ಡೆಕಟ್ಟಿದ ಮೇಲೆ, ಮುನ್ಸೂಚನೆ ನೋಡಿಕೊಂಡು ಹೋಗಲಿ.