ಕೆಳಕೋಣೆಯ ತುಪ್ಪ ಜೇನುನೊಣಗಳದ್ದು

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನ ನಮ್ಮ ತೆಂಗು, ಅಡಿಕೆ ತೋಟದಲ್ಲಿ ತುಡುವೆ ಜೇನಿನ ಎರಡು ಪೆಟ್ಟಿಗೆ ಇಟ್ಟಿದ್ದೆ. ಹೊಂಗೆ ಹೂವು ಮುಗಿಯುತ್ತಿದ್ದಂತೆ ಮೇಲಿನ ಕೋಣೆಯಿಂದಲೂ ಕೆಳಗಿನ ಎರಿಗಳಿಂದಲೂ (ಮೇಣದ ಹಲ್ಲೆಗಳಿಂದಲೂ) ಜೇನುತುಪ್ಪ ತೆಗೆದೆ. ಹದಿನೈದು ದಿನಕ್ಕೆ ಒಂದು ಕುಟುಂಬ ಹಾರಿಹೋಯಿತು. ಇನ್ನೊಂದನ್ನು ಹೇಗೆ ಉಳಿಸಿಕೊಳ್ಳಲಿ? ಇರುವ ತುಪ್ಪವನ್ನು ಬಾಟಲಿಗೆ ತುಂಬಿ ಮಾರಬಹುದೇ?

ಉತ್ತರ: ಪತ್ರ ಓದಿ ಬೇಸರವಾಯಿತು, ಏಕೆಂದರೆ ಈ ತಪ್ಪನ್ನು ಚನ್ನಗಿರಿಯ ನಮ್ಮ ತೋಟದಲ್ಲಿ ನಾನೂ ಮಾಡಿದ್ದೇನೆ. ಕೆಳಗಿನದು ಸಂಸಾರ ಕೋಣೆ. ರಾಣಿ ಮೊಟ್ಟೆ ಇಡುವುದು, ಮರಿ ಬೆಳೆಯುವುದು ಅಲ್ಲಿ. ಅಲ್ಲಿರುವ ತುಪ್ಪ ಹೂವಿಲ್ಲದ ದಿನಗಳಿಗೆ ಅವು ಕೂಡಿಟ್ಟ ದಾಸ್ತಾನು. ಅದೂ ಹೋಯಿತು, ಹೊರಗೆ ಹೂವೂ ಇಲ್ಲವೆಂದಾದರೆ ತುಡುವೆ ಕಾಯುತ್ತಾ ಕೂರುವುದಿಲ್ಲ, ಊರು ಬಿಡುತ್ತದೆ. ನಮ್ಮ ಪಾಲು ಮೇಲಿನ ಜೇನು ಕೋಣೆಯದು ಮಾತ್ರ.

ಉಳಿದ ಪೆಟ್ಟಿಗೆಯನ್ನು ಇಂದೇ ನೆರಳಿಗೆ ತನ್ನಿ, ಹತ್ತಿರದಲ್ಲಿ ನೀರಿಡಿ. ಸಕ್ಕರೆ, ನೀರು ಸಮ ಸೇರಿಸಿದ ಪಾಕವನ್ನು ಸಂಜೆ ಹೊತ್ತು ಕೊಡಿ. ಹಗಲು ಕೊಟ್ಟರೆ ಬೇರೆ ಗೂಡಿನ ಜೇನುನೊಣಗಳು ಬಂದು ದೋಚುತ್ತವೆ. ನೊಣಗಳು ಮುಚ್ಚಿ ಕೂರುವಷ್ಟು ಎರಿಗಳನ್ನು ಮಾತ್ರ ಉಳಿಸಿ, ಖಾಲಿ ಎರಿ ತೆಗೆದುಬಿಡಿ, ಇಲ್ಲವಾದರೆ ಮೇಣದ ಹುಳು ಹತ್ತುತ್ತದೆ. ಪೆಟ್ಟಿಗೆ ಇಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ಏರುವುದಿಲ್ಲ.

ಮರಿಗಳನ್ನೂ ನೋಡಿ. ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1992ರ ಹೊತ್ತಿಗೆ ಅದು ಕರ್ನಾಟಕಕ್ಕೆ ಹಬ್ಬಿದಾಗ ನನ್ನ ಹನ್ನೊಂದು ಪೆಟ್ಟಿಗೆಗಳಲ್ಲಿ ಉಳಿದದ್ದು ಎರಡು. ಔಷಧವಿಲ್ಲ. ಅಂಥ ಎರಿಯನ್ನು ಇನ್ನೊಂದು ಪೆಟ್ಟಿಗೆಗೆ ಹಾಕಲೇಬೇಡಿ. ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ತಿಳಿಸಿ.

ಮಾರಾಟದ ಬಗ್ಗೆ: ಪರಿಚಿತರಿಗೆ ಕೊಡುವುದಾದರೂ ಹಣ ಪಡೆದರೆ ಅದು ಆಹಾರ ವ್ಯಾಪಾರ. ಸಣ್ಣವರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಾಕು, ಆನ್‌ಲೈನ್‌ನಲ್ಲಿ ಮಾಡಿಸಬಹುದು. ಲೇಬಲ್ ಮೇಲೆ 14 ಅಂಕಿಗಳ ಆ ಸಂಖ್ಯೆ, ತೂಕ, ತುಂಬಿದ ದಿನ, ನಿಮ್ಮ ವಿಳಾಸ ಇರಲಿ. ನೀರಿನಂಶ ಶೇಕಡಾ 20ನ್ನು ಮೀರಬಾರದು ಎಂಬುದು ನಿಯಮ. ತುಡುವೆ ತುಪ್ಪ ಸ್ವಲ್ಪ ತೆಳುವಾದ್ದರಿಂದ ನಮ್ಮವರು ಎಡವುವುದು ಇಲ್ಲಿಯೇ. ಎರಿಯ ಮುಕ್ಕಾಲು ಭಾಗಕ್ಕೆ ನೊಣಗಳು ಮೇಣ ಮುಚ್ಚಿದ ಮೇಲೆ ತೆಗೆಯಿರಿ. ಹಸಿಯಾಗಿ ತೆಗೆದದ್ದು ಹುಳಿಯುತ್ತದೆ. ಈಗ ನಿಮ್ಮಲ್ಲಿರುವ ತುಪ್ಪದಲ್ಲಿ ನೊರೆ, ಹುಳಿವಾಸನೆ ಇದ್ದರೆ ಮಾರಬೇಡಿ.

ಪಾಕ ಕೊಡುವ ದಿನಗಳಲ್ಲಿ ಮೇಲಿನ ಕೋಣೆಯನ್ನು ತೆಗೆದಿಡಿ. ಇಲ್ಲದಿದ್ದರೆ ಸಕ್ಕರೆಯೇ ಅಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಜೇನೆಂದು ಮಾರಿದರೆ ಕಾಯ್ದೆಯ ಕಣ್ಣಿನಲ್ಲೂ ನನ್ನ ಕಣ್ಣಿನಲ್ಲೂ ಕಲಬೆರಕೆಯೇ. ಮುಂದಿನ ಹುಚ್ಚೆಳ್ಳು ಹೂವಿನ ಕಾಲಕ್ಕೆ ಆ ಕೋಣೆಯನ್ನು ಮತ್ತೆ ಏರಿಸಿ, ಆಗ ನನಗೆ ಇನ್ನೊಂದು ಪತ್ರ ಬರೆಯಿರಿ.