ಕಣ್ಣು ಬರೆಯದ ಚಿತ್ರ

ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಪ್ತಸಲಹೆಗೆ ನನ್ನ ಹತ್ತಿರ ಬರುತ್ತಿದ್ದ ಒಬ್ಬರಿಗೆ ಐವತ್ತು ದಾಟಿತ್ತು. ಹೆಂಡತಿ ತೀರಿಕೊಂಡು 14 ತಿಂಗಳಾಗಿತ್ತು. ಕೆಲಸ, ಊಟ, ನಿದ್ದೆ ಹೇಗೋ ನಡೆದಿತ್ತು. ರಾತ್ರಿ ಮಾತ್ರ ಪೆನ್ಸಿಲ್ ಹಿಡಿದು ಆಕೆಯ ಮುಖ ಬರೆಯಲು ಕೂರುತ್ತಿದ್ದರು. ಹಣೆ, ಮೂಗು, ಕೂದಲು ಎಲ್ಲಾ ಬರುತ್ತಿತ್ತು. ಕಣ್ಣಿನ ಹತ್ತಿರ ಕೈ ನಿಂತುಬಿಡುತ್ತಿತ್ತು. ‘ಮುಗಿಸಿಬಿಡಿ ಅಪ್ಪಾ, ಮನಸ್ಸು ಹಗುರ ಆಗುತ್ತೆ’ ಅಂತ ಮಕ್ಕಳು ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಮುಂದಿನ ವಾರ ಮುಗಿಸಿ ತನ್ನಿ ಅಂದೆ.

ಅವರು ತಂದದ್ದು ಖಾಲಿ ಹಾಳೆ. ತುಂಬಾ ಹೊತ್ತು ಸುಮ್ನೆ ಕೂತಿದ್ದು, ‘ಕಣ್ಣು ಬರೆದರೆ ಮುಗೀತು ಅಂತ ಆಗುತ್ತೆ, ಅಲ್ವಾ?’ ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಖ ಬೇಡ ಬಿಡಿ, ಆಕೆ ದಿನಾ ಕೂರುತ್ತಿದ್ದ ಜಾಗ ಬರೀತೀರಾ ಅಂತ ಕೇಳಿದೆ. ಕಿಟಕಿ ಪಕ್ಕದ ಕುರ್ಚಿ ಬರೆಯತೊಡಗಿದರು. ನಲವತ್ತು ನಿಮಿಷ ನಾನು ಬಾಯಿ ಬಿಡಲಿಲ್ಲ. ಕುರ್ಚಿಯ ಕಾಲು, ಕೈ ಬೇಗ ಮುಗಿದವು. ಕೂತು ಕೂತು ದಿಂಬಿನಲ್ಲಿ ಬಿದ್ದ ತಗ್ಗಿಗೆ ಮಾತ್ರ ಮತ್ತೆ ಮತ್ತೆ ಪೆನ್ಸಿಲ್ ಎಳೆದರು. ಅದನ್ನು ಬೆರಳಿಂದ ಸವರುತ್ತಲೇ ಮಾತು ಶುರುವಾಯಿತು. ಆಕೆಯ ಕೊನೆಯ ರಾತ್ರಿ ಇವರು ಆಸ್ಪತ್ರೆಯಲ್ಲಿ ಇರಲಿಲ್ಲ. ‘ಮನೆಗೆ ಹೋಗಿ ಮಲಗಿ ಬನ್ನಿ’ ಅಂತ ಆಕೆಯೇ ಕಳಿಸಿದ್ದರು. ಬಾಗಿಲಲ್ಲಿ ತಿರುಗಿ ನೋಡಿದಾಗ ಆಕೆ ಇವರನ್ನೇ ನೋಡುತ್ತಿದ್ದರು. ಬೆಳಗಾಗುವ ಮೊದಲೇ ಫೋನ್ ಬಂತು.

ಇದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆ ಕಣ್ಣುಗಳನ್ನೇ ನಾನು ವಾರದೊಳಗೆ ಬರೆದು ತನ್ನಿ ಅಂದಿದ್ದೆ.

ಅವತ್ತು ಸಲಹೆ ಬದಲಾಯಿಸಿದೆ. ಮುಖದ ಚಿತ್ರ ಮುಗಿಸಲೇಬೇಕು ಅಂತಿಲ್ಲ. ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಆಕೆ ಬಳಸುತ್ತಿದ್ದ ಯಾವುದಾದರೂ ವಸ್ತು ಬರೆಯಿರಿ. ಆಮೇಲೆ ಹಾಳೆ ಮುಚ್ಚಿಟ್ಟು ಹೊರಗೆ ಹೋಗಿ, ಯಾರ ಜೊತೆಗಾದರೂ ಮಾತಾಡಿ. ಈ ಎರಡನೇ ಭಾಗ ಬಿಡಬೇಡಿ ಅಂತ ಒತ್ತಿ ಹೇಳಿದೆ. ದುಃಖದಲ್ಲಿರುವವರು ನೋವಿಗೂ ಬದುಕಿಗೂ ನಡುವೆ ಓಡಾಡುತ್ತಲೇ ಇರುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ವಿವರಿಸಿದ್ದಾರೆ. ಆ ಓಡಾಟಕ್ಕೆ ದಾರಿ ಬೇಕು.

ಇದು ನೋವಿನಿಂದ ತಪ್ಪಿಸಿಕೊಳ್ಳಲು ಬಿಟ್ಟಂತೆ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಮಗ ಪೀಟರ್ 1914ರಲ್ಲಿ ಯುದ್ಧದಲ್ಲಿ ಸತ್ತ. ಮಲಗಿದ ಮಗನನ್ನೇ ಕೆತ್ತಲು ಹೊರಟ ಆಕೆ ಅದನ್ನು ಕೈಬಿಟ್ಟರು. ಸ್ಮಾರಕ ಬೆಲ್ಜಿಯಂನ ಸಮಾಧಿ ಸ್ಥಳದಲ್ಲಿ ನಿಂತದ್ದು 1932ರಲ್ಲಿ. ಅದರಲ್ಲಿ ಮಗ ಇಲ್ಲ. ಮಂಡಿಯೂರಿದ ಅಪ್ಪ ಒಂದು ಕಲ್ಲಿನಲ್ಲಿ, ಅಮ್ಮ ಇನ್ನೊಂದರಲ್ಲಿ. 18 ವರ್ಷ ಹಿಡಿದ ಈ ಕೆಲಸವನ್ನು ತಪ್ಪಿಸಿಕೊಳ್ಳುವಿಕೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಚಿತ್ರ ಬರೆಯುವುದು ಎಲ್ಲಕ್ಕೂ ಮದ್ದಲ್ಲ. ವರ್ಷ ದಾಟಿದರೂ ದುಃಖ ದಿನಾ ಕೆಲಸ, ನಿದ್ದೆ, ಜನರ ಒಡನಾಟ ಎಲ್ಲವನ್ನೂ ನಿಲ್ಲಿಸಿದ್ದರೆ ಮನೋವೈದ್ಯರನ್ನು ನೋಡಬೇಕು. ಬದುಕು ಬೇಡ ಅನಿಸುತ್ತಿದ್ದರೆ ಒಂದು ದಿನವೂ ಕಾಯಬಾರದು.

ಮಕ್ಕಳನ್ನೂ ಒಮ್ಮೆ ಕರೆಸಿ ಮಾತಾಡಿದೆ. ಚಿತ್ರ ಚೆನ್ನಾಗಿದೆಯಾ, ಮುಗಿಯಿತಾ ಅಂತ ಕೇಳಬೇಡಿ, ‘ಇದು ಅಮ್ಮನ ಯಾವ ಬಟ್ಟಲು?’ ಅಂತ ಕೇಳಿ ಅಂದೆ. ಈಗ ಆ ಅಪ್ಪನ ಹತ್ತಿರ ಕುರ್ಚಿ, ಕನ್ನಡಕ, ಬಟ್ಟಲು ಎಲ್ಲಾ ಸೇರಿ ಮೂವತ್ತಕ್ಕೂ ಜಾಸ್ತಿ ಚಿತ್ರಗಳಿವೆ. ಮುಖದ ಚಿತ್ರ ಕಣ್ಣಿಲ್ಲದೆ ಕಪಾಟಿನಲ್ಲೇ ಇದೆ.